ಎರಡಡಿ ಹಲಗೆಗೆ ಎಷ್ಟು ಬಟನ್? ಆರ್ಕೇಡ್ ಪ್ಯಾನೆಲ್ ಕೊರೆಸುವ ಮೊದಲು

ಸರ್, ಮನೆಯಲ್ಲೇ ಮಾಡಿಸುತ್ತಿರುವ ಆರ್ಕೇಡ್ ಗೇಮ್ ಪೆಟ್ಟಿಗೆಯ ಪ್ಯಾನೆಲ್‌ಗೆ ನೀವು ಹಾಕಿದ ಪೆನ್ಸಿಲ್ ಡ್ರಾಯಿಂಗ್ ನೋಡಿದೆ. 24 ಇಂಚು ಅಗಲ, 12 ಇಂಚು ಆಳದ ಹಲಗೆ. ಅದರ ಮೇಲೆ ಎರಡು ಜಾಯ್‌ಸ್ಟಿಕ್, ಇಬ್ಬರಿಗೂ ಎಂಟೆಂಟು ಬಟನ್, ನಡುವೆ ಟ್ರ್ಯಾಕ್‌ಬಾಲ್ (ಅಂಗೈಯಲ್ಲಿ ಉರುಳಿಸುವ ಚೆಂಡು), ಅದರ ಮೇಲ್ಗಡೆ ಒಂದು ಸ್ಪಿನ್ನರ್ (ಬೆರಳಲ್ಲಿ ತಿರುಗಿಸುವ ಗುಂಡಿ). ಒಳಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅದರಲ್ಲಿ ಹಳೆಯ ಆಟ ಓಡಿಸುವ ರೆಟ್ರೊಪೈ ತಂತ್ರಾಂಶ. ಭಾನುವಾರ ಬಡಗಿ ಬರುತ್ತಾರೆ, ಅಷ್ಟರೊಳಗೆ ತೂತಿನ ಅಳತೆ ಬೇಕು, ಪುತ್ತೂರಿನ ಮಳೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನಡೆಯುತ್ತದಾ ಅಂತಲೂ ಕೇಳಿದ್ದೀರಿ. ಭಾನುವಾರ ಪೆಟ್ಟಿಗೆಯ ಕೆಲಸ ಮಾಡಿಸಿಕೊಳ್ಳಿ. ಪ್ಯಾನೆಲ್‌ಗೆ ಡ್ರಿಲ್ ಹಾಕಿಸುವುದು ಒಂದು ವಾರ ಮುಂದೆ ಹೋಗಲಿ.

ಮೊದಲು ಮನೆಯವರೆಲ್ಲ ಕೂತು ನಿಜವಾಗಿ ಆಡುವ ಹತ್ತು ಆಟ ಬರೆಯಿರಿ. ಎಮ್ಯುಲೇಟರ್‌ನಲ್ಲಿ ಸಾವಿರ ಆಟ ಇರಬಹುದು, ಆಡುವುದು ಅಷ್ಟೇ. ಪ್ಯಾಕ್‌ಮ್ಯಾನ್ (1980) ಆಡಲು ಬಟನ್ನೇ ಬೇಡ, ಕೋಲೊಂದು ಸಾಕು. ಡಾಂಕಿ ಕಾಂಗ್‌ಗೆ (1981) ಒಂದೇ ಬಟನ್, ನೆಗೆಯಲು. ನಮ್ಮ ಊರುಗಳ ವಿಡಿಯೋ ಗೇಮ್ ಅಂಗಡಿಗಳಲ್ಲಿ ‘ಮುಸ್ತಫಾ’ ಅಂತಲೇ ಎಲ್ಲರೂ ಕರೆಯುತ್ತಿದ್ದ ಕ್ಯಾಪ್‌ಕಾಮ್‌ನ ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್ (1993) ಎರಡು ಬಟನ್‌ನಲ್ಲಿ ಮುಗಿಯುತ್ತದೆ: ಒಂದು ಹೊಡೆಯಲು, ಒಂದು ಹಾರಲು. ಮೆಟಲ್ ಸ್ಲಗ್ ತರಹದ ನಿಯೊ ಜಿಯೊ ಆಟಗಳಿಗೆ ಹೆಚ್ಚೆಂದರೆ ನಾಲ್ಕು. ಆರು ಬಟನ್ ಬೇಕೇಬೇಕು ಅನ್ನುವುದು ಸ್ಟ್ರೀಟ್ ಫೈಟರ್ 2 (1991) ಮತ್ತು ಅದರ ನಂತರ ಬಂದ ಅದೇ ತರಹದ ಫೈಟಿಂಗ್ ಆಟಗಳು. ಮೇಲಿನ ಸಾಲು ಗುದ್ದು, ಕೆಳಗಿನ ಸಾಲು ಒದೆತ.

ಹಾಗಾದರೆ ಏಳನೆಯದು, ಎಂಟನೆಯದು ಯಾಕೆ? ಪ್ಲೇಸ್ಟೇಷನ್ ಆಟಗಳಿಗೆ ಬೇಕಾದೀತು. ಆದರೆ ಆ ಆಟಗಳನ್ನು ಸೋಫಾದಲ್ಲಿ ಕೂತು ಗೇಮ್‌ಪ್ಯಾಡ್‌ನಲ್ಲಿ ಆಡುವುದೇ ಸುಖ. ಆರಕ್ಕೆ ನಿಲ್ಲಿಸಿ. ಟ್ರ್ಯಾಕ್‌ಬಾಲ್ ಸೆಂಟಿಪೀಡ್‌ಗೆ, ಸ್ಪಿನ್ನರ್ ಟೆಂಪೆಸ್ಟ್, ಅರ್ಕನಾಯ್ಡ್‌ಗೆ ಬೇಕು ಅನ್ನುವುದು ಸರಿ. ಆದರೆ ಈ ಮೂರರಲ್ಲಿ ಒಂದೂ ನಿಮ್ಮ ಹತ್ತರೊಳಗೆ ಬರದಿದ್ದರೆ ಅವಕ್ಕೆ ಹಲಗೆಯ ನಟ್ಟನಡುವಿನ ಜಾಗ ಯಾಕೆ ಕೊಡಬೇಕು? ಅಷ್ಟೊಂದು ಆಸೆ ಇದ್ದರೆ ಟ್ರ್ಯಾಕ್‌ಬಾಲನ್ನು ಚಿಕ್ಕ ಡಬ್ಬಿಯೊಂದರಲ್ಲಿ ಕೂರಿಸಿ, ಬೇಕಾದಾಗ ಯುಎಸ್‌ಬಿಗೆ ಸಿಕ್ಕಿಸಿಕೊಳ್ಳಿ. ನಡುವೆ ಟ್ರ್ಯಾಕ್‌ಬಾಲ್ ಬಂದರೆ ಇಬ್ಬರ ಕೈಯೂ ಅಂಚಿಗೆ ಹೋಗುತ್ತದೆ, ಎಡಗಡೆ ನಿಂತವರ ಎಡಮೊಣಕೈ ಹಲಗೆಯಿಂದ ಆಚೆ ತೂಗುತ್ತದೆ. 24 ಇಂಚು ಇಬ್ಬರು ಮಕ್ಕಳಿಗೆ ಸಾಕು, ಇಬ್ಬರು ದೊಡ್ಡವರಿಗೆ ಇಕ್ಕಟ್ಟು. ಪೆಟ್ಟಿಗೆ ಇನ್ನೂ ಕೊಯ್ದಿಲ್ಲ ಅಂತಾದರೆ 28 ಇಂಚು ಮಾಡಿ. ಪೆಟ್ಟಿಗೆ 24ರಲ್ಲೇ ಇದ್ದು ಪ್ಯಾನೆಲ್ ಮಾತ್ರ ಎರಡೂ ಕಡೆ ಎರಡೆರಡು ಇಂಚು ಚಾಚಿಕೊಂಡರೂ ನಡೆಯುತ್ತದೆ.

ಈಗ ಒಂದು ವಾರ ಯಾಕೆ ಕಾಯಿರಿ ಅಂದೆ ಅಂದರೆ, ರಟ್ಟಿಗಾಗಿ. ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಬಂದ ದಪ್ಪ ರಟ್ಟಿನ ಡಬ್ಬಿ ಹುಡುಕಿ, ಪ್ಯಾನೆಲ್ ಅಳತೆಗೆ ಕತ್ತರಿಸಿ. ಹಲಗೆಯ ಮೇಲೆ ಕೈ ಹೇಗೆ ಬೀಳುತ್ತದೋ ಹಾಗೆ ಕಣ್ಣುಮುಚ್ಚಿ ಅಂಗೈ ಇಡಿ, ಬೆರಳ ತುದಿಗಳನ್ನು ಗುರುತು ಹಾಕಿ. ನೇರ ಸಾಲು ಬರುವುದಿಲ್ಲ. ತೋರುಬೆರಳಿನ ಬಟನ್ ಸ್ವಲ್ಪ ಕೆಳಗೆ, ನಡುಬೆರಳಿನದು ಮೇಲೆ, ಆ ಬಾಗೇ ನಿಮ್ಮ ಕೈಯ ಅಳತೆ. ಜಪಾನಿನ ಸೆಗಾ ಆಸ್ಟ್ರೊ ಸಿಟಿ, ಟೈಟೊ ವ್ಯೂಲಿಕ್ಸ್ ಪ್ಯಾನೆಲ್‌ಗಳಲ್ಲೂ ಬಟನ್ ಸಾಲು ಬಾಗಿರುವುದು ಇದಕ್ಕೇ. ಅಲ್ಲೇ ರಟ್ಟಿಗೆ ತೂತು ಮಾಡಿ, ಬಟನ್ ಸಿಕ್ಕಿಸಿ, ವೈರ್ ಕೊಟ್ಟು, ನಿಜವಾಗಿ ಆಡಿ. ರಟ್ಟು ಬಳುಕದ ಹಾಗೆ ಕೆಳಗೆ ಎರಡು ಪಟ್ಟಿ ಕೊಡಿ. ಮಕ್ಕಳು ಆಡಲಿ, ಮನೆಯವರು ಆಡಲಿ. ಎರಡು ದಿನದಲ್ಲಿ ಯಾವ ಬಟನ್ ಎಷ್ಟು ಸರಿಯಬೇಕು ಅಂತ ಮಣಿಕಟ್ಟೇ ಹೇಳುತ್ತದೆ. ರಟ್ಟು ಬಿಸಾಡಿದರೆ ಏನೂ ನಷ್ಟವಿಲ್ಲ, ಪ್ಲೈವುಡ್‌ನ ತೂತು ಮುಚ್ಚಲಾಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ನನ್ನ ಅಳತೆ: ಜಾಯ್‌ಸ್ಟಿಕ್ ನಡುವಿನಿಂದ ಮೊದಲ ಬಟನ್ ನಡುವಿಗೆ 8ರಿಂದ 10 ಸೆಂಟಿಮೀಟರ್. ಮುಂದಿನ ಅಂಚಿನಿಂದ ಕೆಳಸಾಲಿಗೆ ಕನಿಷ್ಠ 8, ಮಣಿಕಟ್ಟು ಒರಗಲು. ನಿಂತು ಆಡುವುದಾದರೆ ಪ್ಯಾನೆಲ್ ನೆಲದಿಂದ 90ರಿಂದ 100 ಸೆಂಟಿಮೀಟರ್ ಎತ್ತರ. ನಿಮ್ಮ ಚಿಕ್ಕ ಮಗಳಿಗೆ ಮಣೆ ಹಾಕಿ, ಪ್ಯಾನೆಲ್ ತಗ್ಗಿಸಬೇಡಿ. ಮಗು ಬೆಳೆಯುತ್ತದೆ.

ಬಟನ್‌ನಿಂದ ಬಟನ್‌ಗೆ ಎಷ್ಟು ಅನ್ನುವುದು ಬಟನ್ ಯಾವುದು ಅನ್ನುವುದರ ಮೇಲೆ ನಿಂತಿದೆ. ಸಾನ್ವಾ ತರಹದ ಒತ್ತಿ ಕೂರಿಸುವ ಬಟನ್‌ಗೆ 30 ಎಂಎಂ ತೂತು, ನಡುವಿನಿಂದ ನಡುವಿಗೆ 36 ಎಂಎಂ ಇದ್ದರೂ ಸಾಕು. ಕೆಳಗಿನಿಂದ ನಟ್ ಬಿಗಿಯುವ ಅಮೆರಿಕನ್ ತರಹದ ಬಟನ್‌ಗೆ 28 ಎಂಎಂ ತೂತು ಸಾಮಾನ್ಯ. ಆದರೆ ಅದರ ನಟ್ ಬಟನ್‌ನ ಅಂಚಿಗಿಂತ ಅಗಲ ಇರುತ್ತದೆ. ಮೇಲಿಂದ ಚೆನ್ನಾಗಿ ಕಂಡ ಜೋಡಣೆ ಕೆಳಗೆ ನಟ್‌ಗೆ ನಟ್ ತಾಗಿ ಕೂರುವುದೇ ಇಲ್ಲ. 40 ಎಂಎಂ ಬಿಟ್ಟರೆ ಕ್ಷೇಮ. ನಿಮ್ಮದು 18 ಎಂಎಂ ದಪ್ಪದ ಹಲಗೆ ಆದ್ದರಿಂದ ನಟ್ ಇರುವುದನ್ನೇ ತರಿಸಿ. ಒತ್ತಿ ಕೂರಿಸುವ ಬಟನ್‌ನ ಕೊಕ್ಕೆ ತೆಳು ಲೋಹದ ಹಾಳೆಗೆ ಮಾಡಿದ್ದು, ದಪ್ಪ ಹಲಗೆಯಲ್ಲಿ ಕಚ್ಚಿಕೊಳ್ಳುವುದಿಲ್ಲ.

ಜಾಯ್‌ಸ್ಟಿಕ್‌ನದ್ದೂ ಇದೇ ಕಥೆ. ಕಿಟ್‌ನಲ್ಲಿ ಬರುವ ಕೋಲು ತೆಳು ಪ್ಯಾನೆಲ್‌ಗೆ ತಕ್ಕ ಉದ್ದದ್ದು. 18 ಎಂಎಂ ಕೆಳಗೆ ಸ್ಕ್ರೂ ಹಾಕಿದರೆ ಮೇಲೆ ಚೆಂಡು ಮಾತ್ರ ಇಣುಕುತ್ತದೆ, ಹಿಡಿಯಲು ಕೋಲು ಇರುವುದಿಲ್ಲ. ಜಾಯ್‌ಸ್ಟಿಕ್ ಪ್ಲೇಟ್ ಕೂರುವಷ್ಟು ಜಾಗವನ್ನು ಕೆಳಗಿನಿಂದ ರೌಟರ್‌ನಲ್ಲಿ ಕೆತ್ತಿಸಿ, 6-8 ಎಂಎಂ ದಪ್ಪ ಉಳಿದರೆ ಸಾಕು. ಬಡಗಿಯ ಬಳಿ ರೌಟರ್ ಇಲ್ಲವೆಂದರೆ ಇಡೀ ಪ್ಯಾನೆಲನ್ನೇ 12 ಎಂಎಂ ಪ್ಲೈ ಮತ್ತು ಕೆಳಗೆ ಅಡ್ಡಪಟ್ಟಿ ಅಂತ ಮಾಡಿಸಿ. ಆಗಲೂ ಕೋಲು ಗಿಡ್ಡ ಅನಿಸಿದರೆ ಅದನ್ನು ಉದ್ದ ಮಾಡುವ ತುಂಡು ಸಿಗುತ್ತದೆ. ತೂತಿಗೆ ಹೋಲ್ ಸಾ ಬೇಡ, ಪ್ಲೈ ಅಂಚು ಸೀಳುತ್ತದೆ. ಕಪಾಟಿನ ಬಾಗಿಲಿಗೆ ಆಟೊ ಹಿಂಜ್ ಕೂರಿಸುವ 35 ಎಂಎಂ ಬಿಟ್ ಎಲ್ಲ ಬಡಗಿಗಳ ಬಳಿಯೂ ಇರುತ್ತದೆ, ಅದೇ ಜಾತಿಯ 28 ಎಂಎಂ ಬಿಟ್ ನೀವೇ ತಂದುಕೊಡಿ. ಮೇಲೆ ಅಕ್ರಿಲಿಕ್ ಹಾಕುವ ಯೋಚನೆ ಇದ್ದರೆ ಅದನ್ನು ಲೇಸರ್ ಕಟಿಂಗ್‌ಗೆ ಕೊಡಿ, ಕೈ ಡ್ರಿಲ್‌ಗೆ ಅದು ಬಿರುಕು ಬಿಡುತ್ತದೆ.

ಎಂಡಿಎಫ್ ಬೇಡ. ಕರಾವಳಿಯ ಮಳೆಗಾಲದಲ್ಲಿ ಅದರ ಬರಿ ಅಂಚು ನೀರು ಕುಡಿದು ಊದುತ್ತದೆ, ಪ್ಯಾನೆಲ್ ಅಂದರೆ ಹದಿನೆಂಟಿಪ್ಪತ್ತು ಬರಿ ಅಂಚು. ಬಿಡಬ್ಲ್ಯುಆರ್ (ನೀರು ತಡೆದುಕೊಳ್ಳುವ) ಪ್ಲೈ ತೆಗೆದುಕೊಳ್ಳಿ, ತೂತುಗಳ ಒಳಗೋಡೆಗೂ ವಾರ್ನಿಷ್ ಹಚ್ಚಿಸಿ.

ವೈರಿಂಗ್‌ಗೆ ನೀವು ತರಿಸಿರುವ, ಬಟನ್ ಒತ್ತಿದ್ದನ್ನು ಯುಎಸ್‌ಬಿಯಲ್ಲಿ ಪೈಗೆ ತಿಳಿಸುವ ಝೀರೊ ಡಿಲೇ ಬೋರ್ಡ್ ಆಟಗಾರನಿಗೊಂದರಂತೆ ಸಾಕು, ದುಬಾರಿಯದು ಬೇಕಿಲ್ಲ. ಆದರೆ ಎರಡು ಬೋರ್ಡ್‌ಗಳೂ ಪೈಗೆ ಒಂದೇ ಹೆಸರು ಹೇಳುತ್ತವೆ. ಹಾಗಾಗಿ ಕೆಲವು ಸಲ ಆಫ್ ಮಾಡಿ ಆನ್ ಮಾಡಿದಾಗ ಒಂದನೇ ಆಟಗಾರ ಎರಡನೆಯವನಾಗಿ ಬಿಡುತ್ತಾನೆ. ಯಾವ ಯುಎಸ್‌ಬಿ ಕಿಂಡಿ ಯಾರದ್ದು ಅಂತ ಟೇಪ್ ಅಂಟಿಸಿ, ಬದಲಿಸಬೇಡಿ. ಅಷ್ಟಕ್ಕೂ ಅದಲುಬದಲಾದರೆ ಸೆಟ್ಟಿಂಗ್‌ನಲ್ಲಿ ಕಿಂಡಿಯ ಆಧಾರದ ಮೇಲೆ ಗುರುತಿಸುವ ಹಾಗೆ ಮಾಡಬಹುದು, ಆಗ ಇಲ್ಲೇ ಕೇಳಿ. ವೈರ್‌ನ ಲಗ್ (ತುದಿಯಲ್ಲಿ ಸಿಕ್ಕಿಸುವ ಲೋಹದ ತುಂಡು) ಅಳತೆ ಬಟನ್‌ಗೆ ಹೊಂದುತ್ತದಾ ನೋಡಿಕೊಳ್ಳಿ: ಸಾನ್ವಾ ತರಹಕ್ಕೆ 2.8 ಎಂಎಂ, ಮೈಕ್ರೋಸ್ವಿಚ್ ಇರುವ ದೊಡ್ಡ ಬಟನ್‌ಗೆ 4.8. ಸ್ವಿಚ್‌ಗೆ ಮೂರು ಕಾಲಿದ್ದರೆ ‘ಕಾಮ್’ ಮತ್ತು ‘ಎನ್‌ಒ’ ಅಂತ ಬರೆದಿರುವ ಎರಡಕ್ಕೆ ಮಾತ್ರ ವೈರ್ ಕೊಡಿ. ಜಾಯ್‌ಸ್ಟಿಕ್‌ನಲ್ಲಿ ಕೋಲು ಮೇಲಕ್ಕೆ ತಳ್ಳಿದರೆ ಒತ್ತಿಕೊಳ್ಳುವುದು ಕೆಳಬದಿಯ ಸ್ವಿಚ್. ದಿಕ್ಕು ತಿರುಗಿದೆ ಅಂತ ಗಾಬರಿಯಾಗಬೇಡಿ. ಬಟನ್ ಒಳಗಿನ ಲೈಟು 12 ವೋಲ್ಟಿನದ್ದಾದರೆ ಈ ಬೋರ್ಡಿನ 5 ವೋಲ್ಟ್‌ಗೆ ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ.

ಪ್ಯಾಕ್‌ಮ್ಯಾನ್ ಮೂಲೆಯಲ್ಲಿ ತಿರುಗದೆ ನಿಲ್ಲುತ್ತದೆ ಅಂತ ನಿಮ್ಮ ಗೆಳೆಯರು ಹೇಳಿದ್ದು ನಿಜ. ಅದು ನಾಲ್ಕು ದಿಕ್ಕಿನ ಕೋಲಿಗೆ ಮಾಡಿದ ಆಟ. ಎಂಟು ದಿಕ್ಕಿನದ್ದರಲ್ಲಿ ಕೋಲು ಓರೆಗೆ ಬಿದ್ದರೆ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ಅನೇಕ ಜಾಯ್‌ಸ್ಟಿಕ್‌ಗಳ ಅಡಿಯಲ್ಲಿ ಚೌಕದ ಪ್ಲಾಸ್ಟಿಕ್ ತಟ್ಟೆ ಇರುತ್ತದೆ, ಅದನ್ನು 45 ಡಿಗ್ರಿ ತಿರುಗಿಸಿ ಕೂರಿಸಲು ಬಂದರೆ ಕೋಲು ನಾಲ್ಕು ದಿಕ್ಕಿಗೇ ಹೋಗುತ್ತದೆ. ಆದರೆ ಆಗ ಸ್ಟ್ರೀಟ್ ಫೈಟರ್ ಕೆಡುತ್ತದೆ. ಪ್ಯಾನೆಲನ್ನು ಹಿಂಜ್ ಮೇಲೆ ಎತ್ತುವ ಹಾಗೆ ಮಾಡಿಸಿದರೆ ತಟ್ಟೆ ತಿರುಗಿಸುವುದು ಎರಡು ನಿಮಿಷದ ಕೆಲಸ. ವೈರ್ ಮಾತ್ರ ಒಂದು ಗೇಣು ಹೆಚ್ಚು ಬಿಡಿ.

ಇನ್ನೊಂದು, ರೆಟ್ರೊಪೈನಲ್ಲಿ ಸಾಮಾನ್ಯವಾಗಿ ಸೆಲೆಕ್ಟ್ ಮತ್ತು ಸ್ಟಾರ್ಟ್ ಒಟ್ಟಿಗೆ ಒತ್ತಿದರೆ ಆಟ ಮುಚ್ಚುತ್ತದೆ. ಆರ್ಕೇಡ್ ಆಟಗಳಲ್ಲಿ ಸೆಲೆಕ್ಟ್ ಅಂದರೆ ನಾಣ್ಯ ಹಾಕುವ ಬಟನ್. ಅವಸರದಲ್ಲಿ ನಾಣ್ಯ, ಸ್ಟಾರ್ಟ್ ಎರಡನ್ನೂ ಒಟ್ಟಿಗೆ ಅದುಮಿದ ಮಕ್ಕಳು ಅಣ್ಣನ ಕೊನೆಯ ಲೆವೆಲ್ ಕಳೆದು ಜಗಳಕ್ಕೆ ಬೀಳುತ್ತಾರೆ. ಸೆಲೆಕ್ಟ್ ಬದಲು ಹಾಟ್‌ಕೀಗೆ (ಆಟ ಮುಚ್ಚಲು ಸ್ಟಾರ್ಟ್ ಜೊತೆ ಒತ್ತುವ ಬಟನ್) ಬೇರೆ ಒಂದು ಸಣ್ಣ 24 ಎಂಎಂ ಬಟನ್ ಕೊಟ್ಟು ಪ್ಯಾನೆಲಿನ ಬದಿಯಲ್ಲೋ ಹಿಂದಿನ ಅಂಚಿನಲ್ಲೋ ಇಡಿ, ಮುಷ್ಟಿ ತಾಗದ ಕಡೆ.

ಕಿಟ್ ಕೈಗೆ ಬಂದ ಮೇಲೆ ನಟ್ ಎಷ್ಟು ಅಗಲ ಇದೆ ಅಳೆದು ತಿಳಿಸಿ. ರಟ್ಟಿನ ಫೋಟೊ ನೇರ ಮೇಲಿನಿಂದ ತೆಗೆದು, ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಇಲ್ಲೇ ಹಾಕಿ. ಡ್ರಿಲ್ ಹಾಕುವ ಮೊದಲು ಎಲ್ಲರೂ ಒಮ್ಮೆ ನೋಡೋಣ.