ಛಾವಣಿ ಅಸೋಸಿಯೇಷನ್‌ನದು, ಡಿಡಕ್ಟಿಬಲ್ ಮಾತ್ರ ನಮ್ಮೆಲ್ಲರದು

"ಫ್ಲಾರಿಡಾದ ಟ್ಯಾಂಪಾಕ್ಕೆ ಬಂದು ಎಂಟು ತಿಂಗಳಾಯಿತು, ಒಂದು ಕಾಂಡೋ ನೋಡಿದ್ದೇವೆ, ತಿಂಗಳಿಗೆ 520 ಡಾಲರ್ ಅಸೋಸಿಯೇಷನ್ ಫೀ, ಕಟ್ಟಡದ ಇನ್ಶೂರೆನ್ಸ್ ಅದರಲ್ಲೇ ಸೇರಿದೆ, ಮತ್ತೆ ನಮ್ಮದೂ ಒಂದು ಇನ್ಶೂರೆನ್ಸ್ ಬೇಕಾ ಅಕ್ಕ?" ಅಂತ ಕೇಳಿದ್ದೀರಿ. ಕಾಂಡೋ ಅಂದರೆ ಒಳಗಿನ ಮನೆ ನಮ್ಮದು, ಛಾವಣಿಯಂಥದ್ದು ಎಲ್ಲ ಮಾಲೀಕರಿಗೂ ಸೇರಿದ್ದು. ಖಂಡಿತ ಬೇಕು. ಸಾಲ ಕೊಡುವ ಬ್ಯಾಂಕ್ ಹೇಗೂ ಕೇಳುತ್ತದೆ. ಆದರೆ ಬ್ಯಾಂಕ್ ಕೇಳಿತು ಅಂತ ಕಡಿಮೆ ಬೆಲೆಯ ಪಾಲಿಸಿ ಒಂದನ್ನು ಸುಮ್ನೆ ತೆಗೆದುಕೊಳ್ಳಬೇಡಿ. ನಾವು ಹಾಗೆ ಮಾಡಿ ಕೈ ಸುಟ್ಟುಕೊಂಡೆವು. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ಕಟ್ಟಿದರೆ ಹೆಚ್ಚುಕಡಿಮೆ ಮುಗಿಯಿತು. ಲಿಫ್ಟ್ ಕೆಟ್ಟರೆ, ಬೋರ್‌ವೆಲ್ ಬತ್ತಿದರೆ ಅಸೋಸಿಯೇಷನ್‌ನವರು ಒಂದಿಷ್ಟು ಹೆಚ್ಚಿಗೆ ಕೇಳುತ್ತಾರೆ, ಕೊಡುತ್ತೇವೆ. ಇಲ್ಲಿ ಆ ಹೆಚ್ಚಿನ ಮೊತ್ತ ಒಂದೇ ಏಟಿಗೆ ಸಾವಿರಾರು ಡಾಲರ್ ಆಗಬಹುದು. ಇದನ್ನು ಸ್ಪೆಷಲ್ ಅಸೆಸ್‌ಮೆಂಟ್ ಅನ್ನುತ್ತಾರೆ.

2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಚಂಡಮಾರುತ ಸಿಯೆಸ್ಟಾ ಕೀ ಹತ್ತಿರ ದಡಕ್ಕೆ ಬಡಿಯಿತು. ಸೇಂಟ್ ಪೀಟರ್ಸ್‌ಬರ್ಗ್‌ನ ಬೇಸ್‌ಬಾಲ್ ಕ್ರೀಡಾಂಗಣದ ಛಾವಣಿಯೇ ಹರಿದುಹೋದ ರಾತ್ರಿ ಅದು. ನಮ್ಮ ಕಟ್ಟಡಗಳ ಛಾವಣಿಗೆ ಹೊದಿಸಿದ್ದ ಶಿಂಗಲ್‌ಗಳೂ ಹಾರಿದವು. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಕಡೆ ನೀಲಿ ಟಾರ್ಪಾಲು. ನಮ್ಮ ಮನೆ ಒಳಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ದೇವರು ದೊಡ್ಡವನು ಅಂದುಕೊಂಡೆವು. ಜನವರಿಯಲ್ಲಿ ಅಸೋಸಿಯೇಷನ್‌ನಿಂದ ಪತ್ರ ಬಂತು. ಪ್ರತಿ ಮನೆಯೂ 5,625 ಡಾಲರ್ ಕಟ್ಟಬೇಕು.

ಈ ಲೆಕ್ಕ ಹೇಗೆ ಬಂತು ಅಂತ ನೋಡಿ. ಕಾರ್ ಇನ್ಶೂರೆನ್ಸ್‌ನಲ್ಲಿ ಡಿಡಕ್ಟಿಬಲ್ ಅಂದರೆ 500 ಅಥವಾ 1,000 ಡಾಲರ್. ಅಷ್ಟು ನಾವು ಹಾಕಿದ ಮೇಲೆ ಉಳಿದದ್ದು ಕಂಪನಿಯದು. ಫ್ಲಾರಿಡಾದಲ್ಲಿ ಚಂಡಮಾರುತದ ಡಿಡಕ್ಟಿಬಲ್ ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿರುತ್ತದೆ. ಅದೂ ಆದ ಹಾನಿಯ ಶೇಕಡಾ ಅಲ್ಲ, ಕಟ್ಟಡಕ್ಕೆ ಮಾಡಿಸಿರುವ ಇನ್ಶೂರೆನ್ಸ್ ಮೊತ್ತದ ಶೇಕಡಾ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕಟ್ಟಡಗಳ ಇನ್ಶೂರೆನ್ಸ್ 1 ಕೋಟಿ 80 ಲಕ್ಷ ಡಾಲರ್. ಡಿಡಕ್ಟಿಬಲ್ ಶೇಕಡಾ 3. ಅಂದರೆ 5 ಲಕ್ಷ 40 ಸಾವಿರ. ರಿಪೇರಿಗೆ ಆಗಿದ್ದು ಸುಮಾರು 7 ಲಕ್ಷ. ಕಂಪನಿ ಕೊಟ್ಟಿದ್ದು 1 ಲಕ್ಷ 60 ಸಾವಿರ ಮಾತ್ರ. ಉಳಿದದ್ದನ್ನು 96 ಮನೆಗಳಿಗೆ ಹಂಚಿದರು. ಹಾನಿ 5 ಲಕ್ಷದೊಳಗೆ ಇದ್ದಿದ್ದರೆ ಕಂಪನಿಯಿಂದ ಒಂದು ಡಾಲರೂ ಬರುತ್ತಿರಲಿಲ್ಲ.

ನಮ್ಮ ಮನೆಗೆ ಏನೂ ಆಗಿಲ್ಲವಲ್ಲ ಅಂತ ವಾದ ಮಾಡಲು ಆಗುವುದಿಲ್ಲ. ಛಾವಣಿ ಎಲ್ಲರದು, ಖರ್ಚೂ ಎಲ್ಲರದು.

ಈ ಪಾಲನ್ನು ಭರಿಸಲೆಂದೇ ನಮ್ಮ ಸ್ವಂತ ಪಾಲಿಸಿಯಲ್ಲಿ ಲಾಸ್ ಅಸೆಸ್‌ಮೆಂಟ್ ಅಂತ ಒಂದು ಭಾಗ ಇರುತ್ತದೆ. ಕಾಂಡೋ ಮಾಲೀಕರ ಪಾಲಿಸಿಯಲ್ಲಿ ಅದು ಕನಿಷ್ಠ 2,000 ಡಾಲರ್ ಇರಬೇಕು ಅಂತ ಫ್ಲಾರಿಡಾದ ಕಾನೂನು ಹೇಳುತ್ತದೆ. ನಮ್ಮದರಲ್ಲಿ ಇದ್ದದ್ದೂ ಆ ಕನಿಷ್ಠವೇ. ಅಸೆಸ್‌ಮೆಂಟ್ ಬರುತ್ತದೆ ಅಂತ ಗಾಳಿಸುದ್ದಿ ಕೇಳಿ ನವೆಂಬರ್‌ನಲ್ಲೇ ಮಿತಿಯನ್ನು 50,000ಕ್ಕೆ ಏರಿಸಿದೆವು. ಪತ್ರ ಬಂದದ್ದು ಜನವರಿಯಲ್ಲಿ ಅಲ್ವಾ, ಸಿಗುತ್ತದೆ ಅಂದುಕೊಂಡೆವು. ಸಿಗಲಿಲ್ಲ. ಪತ್ರ ಯಾವ ದಿನ ಬಂತು ಅನ್ನುವುದು ಲೆಕ್ಕಕ್ಕಿಲ್ಲ. ಹಾನಿ ಆದ ದಿನದ ಹಿಂದಿನ ದಿನ ಎಷ್ಟು ಮಿತಿ ಇತ್ತೋ ಅಷ್ಟೇ ಅಂತ ಅದೇ ಕಾನೂನಿನಲ್ಲಿದೆ. 2,000 ಬಂತು. ಉಳಿದ 3,625 ಡಾಲರ್ ನಮ್ಮ ಕೈಯಿಂದ ಹೋಯಿತು. ಮಗಳ ಕಾಲೇಜಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಅದು. ಈ ಮಿತಿ ಏರಿಸಿದ್ದಕ್ಕೆ ನಮಗೆ ವರ್ಷಕ್ಕೆ ಜಾಸ್ತಿಯಾಗಿದ್ದು 40 ಡಾಲರ್. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮಿತಿ ಏರಿಸಿದರೆ ಸಾಲದು, ಇನ್ನೊಂದು ಸಾಲು ಓದಬೇಕು. ಕೆಲವು ಪಾಲಿಸಿಗಳಲ್ಲಿ ಒಟ್ಟು ಮಿತಿ 50,000 ಇದ್ದರೂ, ಅಸೋಸಿಯೇಷನ್‌ನ ಡಿಡಕ್ಟಿಬಲ್‌ಗಾಗಿ ಬಂದ ಅಸೆಸ್‌ಮೆಂಟ್‌ಗೆ ಮಾತ್ರ ಪ್ರತ್ಯೇಕವಾಗಿ ಸಣ್ಣ ಮಿತಿ ಹಾಕಿರುತ್ತಾರೆ. ಆಗ 50,000 ಕಾಗದದ ಮೇಲಷ್ಟೇ ಇರುತ್ತದೆ. ಏಜೆಂಟ್‌ಗೆ ಫೋನಿನಲ್ಲಿ ಕೇಳಬೇಡಿ. ಇಮೇಲ್ ಮಾಡಿ, ಉತ್ತರವನ್ನೂ ಇಮೇಲ್‌ನಲ್ಲೇ ತರಿಸಿಕೊಳ್ಳಿ. "ಅಸೋಸಿಯೇಷನ್ ಚಂಡಮಾರುತದ ಡಿಡಕ್ಟಿಬಲ್ ಹಂಚಿದರೆ ನೀವು ಎಷ್ಟು ಕೊಡುತ್ತೀರಿ?" ಇಷ್ಟೇ ಪ್ರಶ್ನೆ.

ಇನ್ನು ಮನೆ ಒಳಗಿನದು. ಇಲ್ಲಿನ ಕಾನೂನಿನ ಪ್ರಕಾರ ಕಾಂಡೋದಲ್ಲಿ ಗೋಡೆ ಅಸೋಸಿಯೇಷನ್ ಇನ್ಶೂರೆನ್ಸ್‌ಗೆ ಸೇರಿದ್ದು, ಗೋಡೆಯ ಮೇಲಿನ ಬಣ್ಣ ನಮ್ಮದು. ನೆಲದ ಹಾಸು, ಅಡುಗೆಮನೆಯ ಕ್ಯಾಬಿನೆಟ್, ಕೌಂಟರ್‌ಟಾಪ್, ಫ್ರಿಜ್, ವಾಟರ್ ಹೀಟರ್, ಕಿಟಕಿಯ ಪರದೆ ಎಲ್ಲವೂ ನಮ್ಮವೇ. ಮೇಲಿನ ಮಹಡಿಯ ನಮ್ಮ ಸ್ನೇಹಿತರ ಮನೆಯಲ್ಲಿ ಅಡುಗೆಮನೆಯ ಸೀಲಿಂಗ್ ಕುಸಿಯಿತು. ಸೀಲಿಂಗಿನ ಡ್ರೈವಾಲ್ ಹಲಗೆಯನ್ನು ಅಸೋಸಿಯೇಷನ್ ಹಾಕಿಸಿಕೊಟ್ಟಿತು. ಕೆಳಗೆ ನೆಂದು ಉಬ್ಬಿದ ಕ್ಯಾಬಿನೆಟ್‌ಗಳನ್ನು ಮುಟ್ಟಲೂ ಇಲ್ಲ. ಅವರು ಒಳಗಿನ ಕೆಲಸಕ್ಕೆ ತೀರಾ ಕಡಿಮೆ ಮೊತ್ತದ ಇನ್ಶೂರೆನ್ಸ್ ಮಾಡಿಸಿದ್ದರು. ಮೂರು ತಿಂಗಳು ಬೇರೆ ಕಡೆ ಬಾಡಿಗೆಗೆ ಇದ್ದರು. ಆ ಬಾಡಿಗೆ ಕೊಡುವ ಭಾಗ ಅವರ ಪಾಲಿಸಿಯಲ್ಲಿ ಇದ್ದದ್ದರಿಂದ ಉಸಿರಾಡಿದರು. ನೀವೂ ಅದನ್ನು ಬಿಡಬೇಡಿ. ನಾಳೆ ಅಡುಗೆಮನೆ ಹೊಸದು ಮಾಡಿಸಿದರೆ ಇನ್ಶೂರೆನ್ಸ್ ಮೊತ್ತವನ್ನೂ ಏರಿಸಿ.

ಪ್ರವಾಹದ ಮಾತು ಬೇರೆಯೇ. ಮಿಲ್ಟನ್‌ಗೆ ಎರಡು ವಾರ ಮುಂಚೆ ಹೆಲೀನ್ ಚಂಡಮಾರುತ ಬಂದಾಗ ಟ್ಯಾಂಪಾ ಕೊಲ್ಲಿಯ ನೀರು ಉಕ್ಕಿ ಮನೆಗಳಿಗೆ ನುಗ್ಗಿತ್ತು. ಮಾಮೂಲಿ ಪಾಲಿಸಿ ಈ ನೀರಿಗೆ ದುಡ್ಡು ಕೊಡುವುದಿಲ್ಲ. ಅದರಿಂದ ಬಂದ ಅಸೆಸ್‌ಮೆಂಟ್‌ಗೂ ಕೊಡುವುದಿಲ್ಲ. ಅದಕ್ಕೆ ಫ್ಲಡ್ ಇನ್ಶೂರೆನ್ಸ್ ಪ್ರತ್ಯೇಕ. ಕೇಂದ್ರ ಸರ್ಕಾರದ ಫ್ಲಡ್ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಮನೆ ಸಾಲಕ್ಕಾಗಿ ಮಾಡಿಸುವಾಗ ಆ ಕಾಯುವಿಕೆ ಇರುವುದಿಲ್ಲ. ಹಾಗಾಗಿ ಮನೆ ಕೊಳ್ಳುವಾಗಲೇ ಮಾಡಿಸಿಬಿಡಿ. ಚಂಡಮಾರುತ ಹತ್ತಿರ ಬಂದ ಮೇಲೆ ಕಂಪನಿಗಳು ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸುತ್ತವೆ. ಚಂಡಮಾರುತದ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ.

ನೀವು ನೋಡಿರುವ ಜಾಗ ಕಾನೂನಿನ ಪ್ರಕಾರ ಕಾಂಡೋನೇ ತಾನೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ನೋಡಲು ಒಂದೇ ಥರ ಇರುವ ಟೌನ್‌ಹೋಮ್‌ಗಳು ಕೆಲವು ಕಡೆ ಕಾಂಡೋ, ಕೆಲವು ಕಡೆ ಬರೀ ಹೋಮ್‌ಓನರ್ಸ್ ಅಸೋಸಿಯೇಷನ್. ಎರಡನೆಯದಾದರೆ ಛಾವಣಿಯೂ ನಿಮ್ಮದೇ ಆಗಿರಬಹುದು, ಆಗ ಪಾಲಿಸಿಯೇ ಬೇರೆ. ಯಾವುದು ಯಾರದು ಅನ್ನುವುದು ಡಿಕ್ಲರೇಶನ್ ಅನ್ನುವ ದಾಖಲೆಯಲ್ಲಿರುತ್ತದೆ. ಜೊತೆಗೆ ಅಸೋಸಿಯೇಷನ್‌ನ ಇನ್ಶೂರೆನ್ಸ್ ಸರ್ಟಿಫಿಕೇಟ್, ರಿಸರ್ವ್, ಅಂದರೆ ದೊಡ್ಡ ರಿಪೇರಿಗಳಿಗೆ ಎತ್ತಿಟ್ಟ ದುಡ್ಡು, ಎಷ್ಟಿದೆ ಅನ್ನುವ ಲೆಕ್ಕ, ಕಳೆದ ಒಂದು ವರ್ಷದ ಮೀಟಿಂಗ್‌ಗಳ ನಡಾವಳಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ನಾನಾದರೆ ಆ ಮನೆ ಬಿಟ್ಟುಬಿಡುತ್ತೇನೆ.

ಕ್ಲೋಸಿಂಗ್, ಅಂದರೆ ಮನೆ ನಿಮ್ಮ ಹೆಸರಿಗೆ ಆಗುವ ದಿನ, ಯಾವುದು ಅಂತ ತಿಳಿಸಿ. ಈ ಕಾಗದಗಳು ಕೈಗೆ ಬಂದ ಕೂಡಲೇ ಒಂದು ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಡಿಡಕ್ಟಿಬಲ್ ಶೇಕಡಾ ಎಷ್ಟು, ಮನೆಗಳು ಎಷ್ಟು ಅಂತ ನೋಡಿ, ನಿಮ್ಮ ಪಾಲಿಗೆ ಎಷ್ಟು ಬೀಳಬಹುದು ಅಂತ ಕೂತು ಲೆಕ್ಕ ಹಾಕೋಣ.