ದುಡ್ಡು ಯಾರ ಕೈಗೆ ಬಂತು, ಅದನ್ನು ಬರೀರಿ

ನಮಸ್ಕಾರ.

‘ಬಾದಾಮಿ: ಬಂಡೆಯಲ್ಲಿ ಅರಳುವ ಬಂಗಾರದ ಭವಿಷ್ಯ’ ಅನ್ನುವ ನಿಮ್ಮ ಲೇಖನ ತಲುಪಿತು. ಬಾದಾಮಿಗೆ ರಾಕ್ ಕ್ಲೈಂಬಿಂಗ್ ಮಾಡಲು ಬರುವವರು ಜಾಸ್ತಿಯಾಗುತ್ತಿದ್ದಾರೆ, ಇದನ್ನು ನಂಬಿ ಊರು ನಾಲ್ಕು ಕಾಸು ಕಾಣಬಹುದು ಅಂತ ಬರೆದಿದ್ದೀರಿ. ವಿಷಯ ಒಳ್ಳೆಯದು. ಕಾಗುಣಿತದ ತಪ್ಪಿಲ್ಲ. ಹೇಳಿದ ದಿನಕ್ಕೆ ಕಳಿಸಿದ್ದೀರಿ, ನಮ್ಮಲ್ಲಿ ಅದು ಅಪರೂಪ. ಹೊಗಳುವುದು ಮುಗಿಯಿತು. ಇನ್ನು ಜಗಳ.

ಲೇಖನ ಪೂರ್ತಿ ಕೆಟ್ಟದಾಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ‘ಪ್ರಕಟಿಸಲು ಆಗುತ್ತಿಲ್ಲ’ ಅಂತ ಒಂದು ಸಾಲು ಬರೆದು ಸುಮ್ನಾಗುತ್ತಿದ್ದೆ. ಆದರೆ ನಾಲ್ಕನೇ ಪುಟದ ಕೆಳಗೆ, ಯಾರೂ ನೋಡದ ಜಾಗದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಮೊದಲು ಹನ್ನೊಂದು ಗಂಟೆಗೆ ಒಲೆ ಹಚ್ಚುತ್ತಿದ್ದ ಖಾನಾವಳಿಯ ಅಕ್ಕ ಈಗ ಈ ಹುಡುಗರಿಗಾಗಿ ಆರಕ್ಕೇ ಹಚ್ಚುತ್ತಾರೆ.’ ಅಷ್ಟು ಬರೆದು ಮುಂದಿನ ಸಾಲಿನಲ್ಲೇ ಅವರನ್ನು ಕೈಬಿಟ್ಟು ‘ಹೀಗೆ ಸ್ಥಳೀಯ ಆರ್ಥಿಕತೆಗೆ ಹೊಸ ಚೈತನ್ಯ ದೊರೆಯುತ್ತಿದೆ’ ಅಂತ ಹಾರಿಬಿಟ್ಟಿರಿ. ನನ್ನ ಸಿಟ್ಟು ಅದಕ್ಕೆ.

ಐದು ಗಂಟೆ ಮೊದಲು ಒಲೆ ಹಚ್ಚುವುದು ಅಂದರೆ ಸುಮ್ನೆ ಅಲ್ಲ. ಬೆಳಿಗ್ಗೆ ಬಂಡೆಗೆ ನೆರಳಿರುತ್ತದೆ, ಬಿಸಿಲು ಏರುವ ಮುಂಚೆ ಹತ್ತಬೇಕು, ಅದಕ್ಕೇ ಆ ಹುಡುಗರಿಗೆ ಆರೂವರೆಗೆ ನಾಷ್ಟಾ ಬೇಕು. ಸರಿ. ಹಾಗಾದರೆ ಅಕ್ಕ ಎಷ್ಟು ಗಂಟೆಗೆ ಏಳುತ್ತಾರೆ? ಹಿಟ್ಟು ನಾದುವುದು ಅವರೇನಾ, ಇನ್ನೊಬ್ಬರನ್ನು ಇಟ್ಟುಕೊಂಡಿದ್ದಾರಾ? ಇಟ್ಟುಕೊಂಡಿದ್ದರೆ ಅವರಿಗೆ ದಿನದ ಪಗಾರ ಎಷ್ಟು? ಖಡಕ್ ರೊಟ್ಟಿ ಮನೆಯಲ್ಲೇ ಬಡಿಯುತ್ತಾರಾ, ಬೇರೆ ಹೆಂಗಸರ ಹತ್ತಿರ ತರಿಸುತ್ತಾರಾ? ಹುಡುಗರು ದುಡ್ಡು ದಿನಾ ಕೊಡುತ್ತಾರಾ, ಊರು ಬಿಡುವಾಗ ಒಟ್ಟಿಗೆ ಕೊಡುತ್ತಾರಾ? ಲೆಕ್ಕ ಬರೆಯುವ ಪುಸ್ತಕ ಇದೆಯಾ? ಇದ್ದರೆ ಅದರ ಒಂದು ಪುಟ ನೋಡಿದಿರಾ? ಇದರಲ್ಲಿ ಒಂದಕ್ಕೂ ನಿಮ್ಮ ಲೇಖನದಲ್ಲಿ ಉತ್ತರ ಇಲ್ಲ. ಅವರ ಮುಂದೆ ಕೂತು ಊಟ ಮಾಡಿ ಬಂದಿದ್ದೀರಿ, ಅದೂ ನಾಲ್ಕನೇ ಪುಟದಲ್ಲೇ ಇದೆ. ಕೈ ತೊಳೆಯುವಾಗ ಕೇಳಿದ್ದರೂ ಆಗುತ್ತಿತ್ತು, ಅಲ್ವಾ?

ಮೂರನೇ ಪುಟಕ್ಕೆ ಬನ್ನಿ. ‘ಪ್ರವಾಸಿಗರ ಆಗಮನದಿಂದ ಎಲ್ಲ ವರ್ಗದವರಿಗೂ ಆದಾಯ ಲಭಿಸುತ್ತಿದೆ.’ ಯಾವ ಪ್ರವಾಸಿ? ಬಾದಾಮಿಗೆ ಬರುವವರೆಲ್ಲ ಒಂದೇ ಥರ ಖರ್ಚು ಮಾಡಲ್ಲ. ಬಸ್ಸಿನಲ್ಲಿ ಬರುವ ತಂಡ ನೋಡಿ. ಬೆಳಿಗ್ಗೆ ಬಾದಾಮಿಯ ಗುಹೆ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆಯೊಳಗೆ ಐಹೊಳೆ. ರಾತ್ರಿಗೆ ಹೊಸಪೇಟೆಯೋ ವಿಜಯಪುರವೋ. ಗುಹೆಯ ಟಿಕೆಟ್ಟಿನ ದುಡ್ಡು ಪುರಾತತ್ವ ಇಲಾಖೆಗೆ, ಅಂದರೆ ದೆಹಲಿಗೆ ಹೋಗುತ್ತದೆ. ಊರಿಗೆ ಉಳಿಯುವುದು ಒಂದು ಚಹಾ, ಒಂದು ನೀರಿನ ಬಾಟಲಿ, ಮಂಗ ಕಿತ್ತುಕೊಂಡ ಒಂದು ಚಿಪ್ಸ್ ಪಾಕೀಟು.

ಹಗ್ಗ ಹೊತ್ತು ಬರುವ ಹುಡುಗನ ಕಥೆ ಬೇರೆ. ಅವನಿಗೆ ಒಂದು ದಿನದಲ್ಲಿ ಕೆಲಸ ಮುಗಿಯಲ್ಲ. ಎರಡು ದಿನ ಮರಳುಗಲ್ಲಿಗೆ ನೇತಾಡಿದರೆ ಬೆರಳ ತುದಿಯ ಚರ್ಮ ಸವೆದು ಕೆಂಪಗಾಗುತ್ತದೆ, ಮೂರನೇ ದಿನ ಬಿಸಿ ಚಹಾದ ಗ್ಲಾಸ್ ಹಿಡಿಯೋದೂ ಕಷ್ಟ. ಚರ್ಮ ಬಲಿಯುವ ತನಕ ಕಾಯಬೇಕು. ಆ ದಿನ ಅವನು ಏನು ಮಾಡುತ್ತಾನೆ? ಬಾಡಿಗೆ ಸ್ಕೂಟರ್ ತಗೊಂಡು 22 ಕಿಲೋಮೀಟರ್ ದೂರದ ಪಟ್ಟದಕಲ್ಲಿಗೆ ಹೋಗುತ್ತಾನೆ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು ತಿನ್ನುತ್ತಾನೆ. ಬಟ್ಟೆ ಒಗೆಯಲು ಹಾಕುತ್ತಾನೆ. ಅದೇ ಖಾನಾವಳಿಗೆ ರಾತ್ರಿ ಮತ್ತೆ ಬರುತ್ತಾನೆ. ಸವೆದ ಬೆರಳು ಊರಿಗೆ ಒಂದು ದಿನದ ವ್ಯಾಪಾರ ಕೊಡುತ್ತದೆ. ನಿಮ್ಮ ಲೇಖನದ ಜೀವ ಇಲ್ಲಿತ್ತು. ನೀವು ಅದನ್ನು ‘ಎಲ್ಲ ವರ್ಗದವರಿಗೂ’ ಅಂತ ಒಂದೇ ಏಟಿಗೆ ಮುಚ್ಚಿಬಿಟ್ಟಿರಿ.

ಅದರ ಕೆಳಗೇ ‘ವಿದೇಶಿಗರೂ ಮುಗಿಬಿದ್ದು ಬರುತ್ತಿದ್ದಾರೆ’ ಅಂದಿದ್ದೀರಿ. ಯಾಕೆ ಬರುತ್ತಾರೆ? ಫ್ರಾನ್ಸಿನ ಕ್ಲೈಂಬರ್ ಅಲೆಕ್ಸಾಂಡರ್ ಶಾಬೋ ಇಲ್ಲಿ ಬಂಡೆಗೆ ಬೋಲ್ಟ್ (ಹಗ್ಗ ಸಿಕ್ಕಿಸುವ ಉಕ್ಕಿನ ಮೊಳೆ) ಹೊಡೆದು ಮಾಡಿದ ‘ಗಣೇಶ’ ಅನ್ನುವ ದಾರಿ ಇದೆ. 8ಬಿ+ ದರ್ಜೆಯದು, ದೇಶದ ಕಷ್ಟದ ದಾರಿಗಳಲ್ಲಿ ಒಂದು. ಬಂಡೆ ಹತ್ತುವವರ ನಡುವೆ ಅದರ ಹೆಸರು ಓಡಾಡುತ್ತದೆ. ಬೋಲ್ಟ್ ತಾನಾಗೇ ಹುಟ್ಟಲ್ಲ. ಯಾರೋ ಡ್ರಿಲ್ಲಿಂಗ್ ಮಷಿನ್ ಹೊತ್ತು ಹಗ್ಗದಲ್ಲಿ ತೂಗಾಡುತ್ತಾ ಕಲ್ಲು ಕೊರೆದಿದ್ದಾರೆ, ತಮ್ಮ ಕೈಯಿಂದ ಖರ್ಚು ಮಾಡಿದ್ದಾರೆ. ಅದು ಹಳೆಯದಾದರೆ ಬದಲಿಸುವವರು ಯಾರು? ಈ ಪೂರಾ ವ್ಯಾಪಾರ ಹೆಬ್ಬೆರಳು ಗಾತ್ರದ ಆ ಉಕ್ಕಿನ ತುಂಡುಗಳಿಗೆ ಜೋತುಬಿದ್ದಿದೆ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.

ಇನ್ನೊಂದು. ಬೆಂಗಳೂರು, ಪುಣೆಯಿಂದ ತಂಡ ಕಟ್ಟಿಕೊಂಡು ಬರುವವರಿದ್ದಾರೆ. ಹಣ ಅಲ್ಲೇ ಆನ್‌ಲೈನಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಹಗ್ಗ ಅವರದು, ಕಲಿಸುವವನು ಅವರವನು, ಕೆಲವೊಮ್ಮೆ ಅಡುಗೆಯವನೂ ಅವರವನೇ. ಆಗ ಬಾದಾಮಿಗೆ ಸಿಗುವುದು ಎಷ್ಟು? ಇದನ್ನು ಕೇಳಿದರೆ ಲೇಖನ ಸ್ವಲ್ಪ ಕಹಿಯಾಗುತ್ತದೆ. ಆಗಲಿ ಬಿಡಿ.

ನನ್ನ ಈ ಚಟ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ನಾನು ಬೆಳಗಾವಿಯ ಒಂದು ಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆ. ಡೆಸ್ಕಿನಲ್ಲಿ ಒಬ್ಬ ಹಿರಿಯರಿದ್ದರು. ಜಾಸ್ತಿ ಮಾತಾಡುತ್ತಿರಲಿಲ್ಲ, ಕೆಂಪು ಪೆನ್ನು ಮಾತ್ರ ನಿಲ್ಲುತ್ತಿರಲಿಲ್ಲ. ಮಳೆಗಾಲದಲ್ಲಿ ಗೋಕಾಕ ಫಾಲ್ಸ್‌ಗೆ ಹೋಗಿ ಬರೆದುಕೊಂಡು ಬಾ ಅಂದರು. ನಾನು ಖುಷಿಯಿಂದ ಚೀಲ ಎತ್ತಿಕೊಂಡೆ. ಬಾಗಿಲ ಹತ್ತಿರ ಹೋದಾಗ ಕರೆದು ಹೇಳಿದರು: “ತಮ್ಮಾ, ನೀರಿನ ಬಗ್ಗೆ ಒಂದ್ ಸಾಲೂ ಬರೀಬ್ಯಾಡ. ನೀರು ಎಲ್ಲಾರಿಗೂ ಕಾಣ್ತದ. ಫಾಲ್ಸಿಗೆ ಬೆನ್ನು ಹಾಕಿ ನಿಂತೋರ್ ಇರ್ತಾರಲ್ಲ, ಅವ್ರನ್ನ ಮಾತಾಡಿಸ್ಕೊಂಡ್ ಬಾ.”

ಅಲ್ಲಿಗೆ ಹೋದ ಮೇಲೆ ಅವರ ಮಾತು ತಿಳಿಯಿತು. ಘಟಪ್ರಭೆ 52 ಮೀಟರ್ ಕೆಳಗೆ ಬೀಳುತ್ತಿದೆ, ತೂಗುಸೇತುವೆ ತುಂಬ ಜನ, ಎಲ್ಲರ ಮುಖ ಆ ಕಡೆ. ಈ ಕಡೆ ಮುಖ ಮಾಡಿದವರು ಮಾರುವವರು ಮಾತ್ರ. ಮೆಕ್ಕೆಜೋಳದ ತೆನೆ ಸುಡುವ ಒಬ್ಬ ತಾತ ರಟ್ಟಿನ ತುಂಡಿನಿಂದ ಇದ್ದಿಲಿಗೆ ಗಾಳಿ ಬೀಸುತ್ತಿದ್ದ. ಫಾಲ್ಸಿನ ತುಂತುರು ಗಾಳಿಗೆ ಬಂದು ಬೆಂಕಿ ಮೇಲೆ ಬಿದ್ದಾಗೆಲ್ಲ ನೀರಿಗೆ ಬೈಯುತ್ತಿದ್ದ. ನೋಡಲು ಬಂದವರಿಗೆ ಅದು ಚಂದ, ಅವನಿಗೆ ಇದ್ದಿಲು ಹಾಳು. ತೆನೆ ಎಲ್ಲಿಂದ ತಂದೆ, ಇದ್ದಿಲು ಉದ್ರಿನಾ ನಗದಾ, ಮಳೆ ನಿಂತು ಫಾಲ್ಸ್ ಬತ್ತಿದ ಮೇಲೆ ಏನು ಮಾಡ್ತೀ ಅಂತ ಕೇಳುತ್ತಾ ಕೂತೆ. ದೀಪಾವಳಿ ಆದಮೇಲೆ ಕಬ್ಬು ಕಡಿಯಲು ಹೋಗುತ್ತೇನೆ ಅಂದ. ಫಾಲ್ಸ್ ನಿಂತಾಗ ಸಕ್ಕರೆ ಕಾರ್ಖಾನೆ ಶುರು. ಅವನ ವರ್ಷ ಹಾಗೆ ಎರಡು ಹೋಳಾಗಿತ್ತು. ಬರೆದು ಕೊಟ್ಟಾಗ ಹಿರಿಯರು ಓದಿದರು, ಪೆನ್ನು ಮುಚ್ಚಿಟ್ಟರು, “ಕಬ್ಬಿಂದು ಮೇಲ್ ತಗೊ” ಅಂದರು. ಅವರ ಬಾಯಲ್ಲಿ ನಾನು ಕೇಳಿದ ಹೊಗಳಿಕೆ ಅಂದರೆ ಅದೇ.

ಈಗ ನಿಮ್ಮ ಕೊನೆಯ ಪುಟ. ಅದನ್ನು ಓದುವಾಗ ನಾನು ಎದ್ದು ಒಂದು ಸುತ್ತು ಹೋಗಿ ಬಂದೆ. ಪ್ರತಿ ಸಾಲೂ ‘ಬೇಕು’ ಅಂತ ಮುಗಿಯುತ್ತದೆ.

‘ಗುಡ್ಡದಿಂದ ಗುಡ್ಡಕ್ಕೆ ರೋಪ್‌ವೇ ನಿರ್ಮಿಸಬೇಕು.’ ಯಾವ ಗುಡ್ಡ? ದಕ್ಷಿಣದ ಗುಡ್ಡದಲ್ಲಿ ಗುಹೆಗಳು. ಉತ್ತರದಲ್ಲಿ ಕೋಟೆ, ಶಿವಾಲಯಗಳು. ನಡುವೆ ಅಗಸ್ತ್ಯ ತೀರ್ಥ, ಅದರ ಪೂರ್ವದ ದಂಡೆಗೆ ಭೂತನಾಥ ಗುಡಿ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ತನಕ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ತನಕ ಅನುಮತಿ ಬೇಕು. ನಿಮ್ಮ ರೋಪ್‌ವೇಯ ಕಂಬ ಎಲ್ಲಿ ನಿಲ್ಲಿಸುತ್ತೀರಿ? ಅದೇ ನಿಯಮದ ಕೆಳಗೆ ಬದುಕುವ ಮನೆಗಳಿವೆ ಅಲ್ಲಿ. ಮಗನಿಗೆ ಮದುವೆ ಅಂತ ಮೇಲೊಂದು ಕೋಣೆ ಹಾಕಿ ಅದನ್ನೇ ಪ್ರವಾಸಿಗರಿಗೂ ಕೊಡೋಣ ಅಂದುಕೊಂಡವನಿಗೆ ಏನಾಗುತ್ತದೆ, ಅದನ್ನು ವಿಚಾರಿಸಿದ್ದರೆ ಒಂದು ಪುಟ ಸಿಗುತ್ತಿತ್ತು.

‘ಪಂಚತಾರಾ ಹೋಟೆಲುಗಳು ಬರಬೇಕು.’ ಚಾಕ್ ಪುಡಿ ಮೆತ್ತಿದ ಪ್ಯಾಂಟು ಹಾಕಿಕೊಂಡು ಎಂಟು ಜನ ಒಂದೇ ಕ್ರ್ಯಾಶ್ ಪ್ಯಾಡ್ (ಬಿದ್ದರೆ ಪೆಟ್ಟಾಗದ ಹಾಗೆ ಬಂಡೆಯ ಕೆಳಗೆ ಹಾಸುವ ಗಾದಿ) ಹೊತ್ತು ನಡೆಯುತ್ತಾರಲ್ಲ, ಅವರಿಗಾ?

‘ಸ್ಥಳೀಯ ಯುವಕರಿಗೆ ತರಬೇತಿ ನೀಡಬೇಕು.’ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಬಾದಾಮಿಯಲ್ಲೇ ಬಂಡೆ ಹತ್ತುವುದನ್ನು ಕಲಿಸುತ್ತದೆ. ಕಲಿತ ಹುಡುಗರು ಆಮೇಲೆ ಎಲ್ಲಿ ಹೋದರು? ಗೈಡ್ ಆದರಾ, ಬೆಂಗಳೂರಿನ ಜಿಮ್ಮಿನ ಗೋಡೆಗೆ ಹಗ್ಗ ಹಿಡಿಯಲು ಹೋದರಾ, ತಿರುಗಿ ಅಪ್ಪನ ಕಿರಾಣಿ ಅಂಗಡಿಗೆ ಕೂತರಾ? ಇಬ್ಬರನ್ನು ಹುಡುಕಿದರೆ ಸಾಕು.

‘ವರ್ಷವಿಡೀ ಪ್ರವಾಸಿಗರು ಬರುವಂತೆ ಮಾಡಬೇಕು.’ ಸರ್ಕಾರ ಆದೇಶ ಹೊರಡಿಸಿದರೆ ಬಾದಾಮಿ ತಣ್ಣಗಾಗುತ್ತಾ? ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆ ಕಲ್ಲನ್ನು ಮುಟ್ಟಲು ಆಗಲ್ಲ. ಮಳೆಗಾಲದಲ್ಲಿ ಮರಳುಗಲ್ಲು ನೀರು ಕುಡಿದು ಸಡಿಲಾಗುತ್ತದೆ. ಹಿಡಿದ ಅಂಚು ಕೈಗೇ ಬರುತ್ತದೆ. ಒಮ್ಮೆ ಮುರಿದ ಅಂಚು ಮತ್ತೆ ಬೆಳೆಯಲ್ಲ, ಆ ದಾರಿಯೇ ಹೋಯಿತು. ಅದಕ್ಕೇ ಬಲ್ಲವರು ಮಳೆ ಬಂದರೆ ಹಗ್ಗ ಸುತ್ತಿಡುತ್ತಾರೆ. ದೀಪಾವಳಿಯ ಆಸುಪಾಸಿನಿಂದ ಶಿವರಾತ್ರಿ ತನಕ, ಅಷ್ಟೇ ಸೀಸನ್. ಉಳಿದ ತಿಂಗಳು ಆ ಅಕ್ಕನ ಒಲೆ ಎಷ್ಟಕ್ಕೆ ಹೊತ್ತುತ್ತದೆ? ಸ್ಕೂಟರ್ ಬಾಡಿಗೆ ಕೊಡುವವನು ಗಾಡಿಯ ಕಂತು ಹೇಗೆ ಕಟ್ಟುತ್ತಾನೆ? ಊರು ಉದ್ಧಾರ ಆಯಿತಾ ಇಲ್ಲವಾ ಅನ್ನುವುದಕ್ಕೆ ಉತ್ತರ ಡಿಸೆಂಬರಿನಲ್ಲಿ ಸಿಗಲ್ಲ. ಆಗ ಎಲ್ಲರೂ ನಗುತ್ತಲೇ ಇರುತ್ತಾರೆ.

ನೀವು ಹೋಗಿದ್ದು ಡಿಸೆಂಬರಿನಲ್ಲಿ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೋಗಿ. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದು ಊರಿಗೆ ಐದು ಕಿಲೋಮೀಟರ್ ಟಂಟಂನಲ್ಲೇ ಹೋಗಿ, ಪಕ್ಕದಲ್ಲಿ ಕೂತವರನ್ನೂ ಮಾತಾಡಿಸಿ. ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಕೂತುಕೊಳ್ಳಿ, ಅಕ್ಕ ಆಗ ಬಿಡುವಾಗಿರುತ್ತಾರೆ. ಪೆನ್ನು ಮೊದಲೇ ತೆಗೆಯಬೇಡಿ. ದುಡ್ಡಿನ ಪ್ರಶ್ನೆಗಳನ್ನು ಕೊನೆಗಿಟ್ಟುಕೊಳ್ಳಿ, ಆದರೆ ಕೇಳದೆ ಏಳಬೇಡಿ. ನಮ್ಮ ಕಡೆ ಜನ ಎಷ್ಟು ಸಿಗುತ್ತದೆ ಅಂತ ಕೇಳಿದರೆ ಹೇಳಲ್ಲ. ಎಷ್ಟು ಖರ್ಚಾಗುತ್ತದೆ ಅಂತ ಕೇಳಿದರೆ ಪೂರ್ತಿ ಹೇಳುತ್ತಾರೆ, ಅದರಲ್ಲೇ ಉಳಿದದ್ದೂ ಬರುತ್ತದೆ.

ಮೊದಲ ಒಂದೂವರೆ ಪುಟದ ಚಾಲುಕ್ಯರ ಇತಿಹಾಸವನ್ನು ನಾನೇ ಕತ್ತರಿಸುತ್ತೇನೆ, ಅದಕ್ಕೆ ನೀವು ಬೇಜಾರು ಮಾಡಿಕೊಳ್ಳಬೇಡಿ. ಶುರು ಒಲೆಯಿಂದಲೇ ಆಗಲಿ. ತಲೆಬರಹ ನನಗೆ ಬಿಡಿ. ಫೋಟೋಗಳಲ್ಲಿ ಸೂರ್ಯಾಸ್ತದ್ದು ಬೇಡ, ಕೆಳಗೆ ನಿಂತು ಹಗ್ಗ ಹಿಡಿದ ಹುಡುಗನದ್ದು ಸಾಕು. ಖಾನಾವಳಿಯ ಅಕ್ಕನ ಹೆಸರು, ಲೆಕ್ಕ ಲೇಖನದಲ್ಲಿ ಹಾಕುವ ಮುಂಚೆ ಅವರನ್ನು ಕೇಳಿ ಒಪ್ಪಿಗೆ ತಗೊಳ್ಳಿ. ಬೇಡ ಅಂದರೆ ಹೆಸರು ಬಿಡಿ, ಲೆಕ್ಕ ಬಿಡಬೇಡಿ. ಜೂನ್ ಸಂಚಿಕೆಯಲ್ಲಿ ನಾಲ್ಕು ಪುಟ ಇಟ್ಟಿರುತ್ತೇನೆ.