ಪ್ರತಿಕ್ರಿಯೆ: ಬಟ್ಟೆ ಸರಿಯಾಗಿ ಹೋಯ್ತು, ಔಷಧಿ ಯಾಕೆ ಕೆಟ್ಟಿತು?

ಬಹುಶಃ ನಿಮ್ಮ ಔಷಧಿ ಸಾಮಾನ್ಯ ಕಾರ್ಗೋ ಅಂತ ಬುಕ್ ಆಗಿದೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು ಬೆಂಗಳೂರಿಂದ ಫ್ರಾಂಕ್‌ಫರ್ಟ್ ಮುಟ್ಟುವಾಗ ತಾಪಮಾನ ದಾಖಲಿಸುವ ಲಾಗರ್‌ನಲ್ಲಿ 19 ತೋರಿಸಿದೆ ಅಂದಿರಿ. ನೀವು ಬಟ್ಟೆ ಕಳಿಸುತ್ತಿದ್ದ ಕಂಪನಿಯಲ್ಲೇ ಔಷಧಿಯನ್ನೂ ಕಳಿಸಿದ್ದು ನಿಜ. ಆದರೆ ಇಂಥ ದೊಡ್ಡ ಲಾಜಿಸ್ಟಿಕ್ಸ್ ಕಂಪನಿಗಳಲ್ಲಿ ಹೊರಗೆ ಹೆಸರು ಒಂದೇ, ಒಳಗೆ ಫ್ಯಾಷನ್, ವಾಹನ ಬಿಡಿಭಾಗ, ಔಷಧಿಗೆ ಬೇರೆ ಬೇರೆ ತಂಡ. ಬಟ್ಟೆ ನೋಡುವವರು ದರ, ದಿನ ನೋಡ್ತಾರೆ. ಡಿಗ್ರಿ ಅವರ ತಲೆನೋವಲ್ಲ.

ಮೊದಲು ಏರ್‌ವೇ ಬಿಲ್‌ನಲ್ಲಿ (ವಿಮಾನ ಸಾಗಣೆಯ ದಾಖಲೆ) ಹ್ಯಾಂಡ್ಲಿಂಗ್ ಕೋಡ್, ಅಂದರೆ ಸರಕನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಸಂಕೇತ, ನೋಡಿ. ಪಿಐಎಲ್ (PIL) ಅಂದರೆ ಔಷಧಿ, ಸಿಒಎಲ್ (COL) ಅಂದರೆ 2ರಿಂದ 8 ಡಿಗ್ರಿ. ಎರಡೂ ಇಲ್ಲದಿದ್ದರೆ ಕಾರಣ ಸಿಕ್ಕಂತೆಯೇ. ಇದ್ದರೆ, ಲಾಗರ್ ಗ್ರಾಫ್ ಏರಿದ ಸಮಯವನ್ನು ಟ್ರ್ಯಾಕಿಂಗ್ ಜೊತೆ ಹೊಂದಿಸಿ. ವಿಮಾನಕ್ಕೆ ಏರಿಸುವ ಮುಂಚೆ ಹೊರಗೆ ಕಾದ ಹೊತ್ತೇ ಇರಬಹುದು, ಗ್ರಾಫ್ ನೋಡದೆ ಖಚಿತವಾಗಿ ಹೇಳಲಾರೆ.

ಕ್ವಾಲಿಟಿಯವರು ಒಪ್ಪುವ ತನಕ ಸರಕು ಮಾರಾಟಕ್ಕೆ ಬಿಡಬೇಡಿ. ಅಂತರರಾಷ್ಟ್ರೀಯ ವಿಮಾನ ಸಾಗಣೆಯ ಮಾಂಟ್ರಿಯಲ್ ಒಪ್ಪಂದದಂತೆ, ಸರಕು ಕೈಸೇರಿದ 14 ದಿನದೊಳಗೆ ಹಾನಿಯ ದೂರು ಬರಹದಲ್ಲಿ ಹೋಗಬೇಕು. ಫೋನಲ್ಲಿ ಸುಮ್ನೆ ಹೇಳಿದರೆ ಲೆಕ್ಕಕ್ಕಿಲ್ಲ.

ಮುಂದಿನ ಸಲ ಹೆಲ್ತ್‌ಕೇರ್ ತಂಡದಿಂದಲೇ ಕೊಟೇಶನ್ ಕೇಳಿ. ದರ ಜಾಸ್ತಿಯೇ ಇರುತ್ತೆ. ಡಬ್ಬದ ಮೇಲೆ ತಾಪಮಾನದ ಲೇಬಲ್ ಅಂಟಿಸಿ, ಅದೇ ಡಿಗ್ರಿಯನ್ನು ಬುಕಿಂಗ್‌ನಲ್ಲೂ ಬರೆಸಿ.